ಹೋಲ್ಡಾನ್ ಕೊಕ್ಕಿನ ಎರಡನೇ ಬಣ್ಣ

ಆಗಸ್ಟ್ ೩, ಭಾನುವಾರ

ಈ ದಿನಚರಿಯ ಘನತೆಗೆ ತಕ್ಕ ಘಟನೆಯೊಂದು ಇಂದು ನಾಪೋಕ್ಲು ಪೇಟೆಯಲ್ಲಿ ಜರುಗಿತು. ಜರುಗಿಸಿದವಳು ನಾನೇ ಆದ್ದರಿಂದ ವರದಿಯಲ್ಲಿ ತಪ್ಪಿರಲಾರದು.

ಇವತ್ತು ಕಕ್ಕಡ ತಿಂಗಳ ಹದಿನೆಂಟು, ಕೊಡಗಿನಲ್ಲಿ ಮದ್ದುಸೊಪ್ಪು ತಿನ್ನುವ ದಿನ. ಅಮ್ಮ ನಿನ್ನೆ ಸಂಜೆಯೇ ಮದ್ದುಸೊಪ್ಪನ್ನು ದಂಟಿನ ಸಮೇತ ಬೇಯಿಸಿ ಮುಚ್ಚಿಟ್ಟಿದ್ದಳು. ಬೆಳಿಗ್ಗೆ ಸೋಸಿದಾಗ ನೀರು ನೇರಳೆ ಹಣ್ಣಿನ ರಸದ ಹಾಗೆ ಕಡುವಾಗಿತ್ತು. ಅದರಲ್ಲೇ ಪಾಯಸ. ಹದಿನೆಂಟು ಬಗೆಯ ಮದ್ದು ಈ ಒಂದು ದಿನ ಆ ಸೊಪ್ಪಿಗೆ ಇಳಿದಿರುತ್ತದಂತೆ. ತಿಂದವರಿಗೆ ಮಾರನೆಯ ದಿನ ಮೂತ್ರ ಕೆಂಪಗೆ ಹೋಗುತ್ತದೆ, ಅದೇ ಸಾಕ್ಷಿ. ಆರು ವರ್ಷದ ಹಿಂದೆ ಎದುರು ಮನೆಯ ಜಯಪ್ಪ ಮಾಮನಿಗೆ ಈ ಕೊನೆಯ ವಿಷಯವನ್ನು ಮಾತ್ರ ಹೇಳದೆ ಎರಡು ಲೋಟ ಕುಡಿಸಿದವಳು ನಾನು. ಮಾಮ ಶನಿವಾರಸಂತೆ ಕಡೆಯವರು, ಆಗಷ್ಟೇ ಇಲ್ಲಿಗೆ ಬಂದಿದ್ದರು, ಅವರ ಮನೆಗಳಲ್ಲಿ ಈ ಪದ್ಧತಿ ಇಲ್ಲ. ಮರುದಿನ ಬೆಳಿಗ್ಗೆ ಅವರು ತಂಗಿಗೆ ಫೋನ್ ಮಾಡಿ ಜಮೀನಿನ ಪತ್ರ ಎಲ್ಲಿದೆ ಎಂದು ತಿಳಿಸುವವರೆಗೂ ಹೋಗಿದ್ದರು.

ಈ ವರ್ಷದ ಸರದಿ ಹೋಲ್ಡಾನ್‌ನದು.

ಹೋಲ್ಡಾನ್ ಎಂದರೆ ಮಾಮನ ಕಾಕಟೀಲ್, ಗಿಳಿ ಜಾತಿಯ ಸಣ್ಣ ಹಕ್ಕಿ; ಬಸ್ ನಿಲ್ಲಿಸಲು ಕಂಡಕ್ಟರುಗಳು ಕೂಗುವ ಮಾತೇ ಇದರ ಹೆಸರು. ಮೈ ಬೆಣ್ಣೆಯ ಬಿಳುಪು, ತಲೆಯ ಮೇಲೆ ಹಳದಿ ಜುಟ್ಟು, ಕೆನ್ನೆಗೆ ಒಂದೊಂದು ಕಿತ್ತಳೆ ಬೊಟ್ಟು, ಕೊಕ್ಕು ತಿಳಿ ಗುಲಾಬಿ. ಮಾಮ ಸೋಮವಾರಪೇಟೆ ಲೈನಿನ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದಾಗ ಯಾರೋ ಹಿಂದಿನ ಸೀಟಿನಲ್ಲಿ ಪಂಜರ ಬಿಟ್ಟು ಇಳಿದು ಹೋದರು. ಮೂರು ತಿಂಗಳು ಕಾದರೂ ವಾರಸುದಾರರು ಬರಲಿಲ್ಲ. ಈಗ ಮಾಮ ಇಲ್ಲಿಯ ಬಸ್‌ಸ್ಟ್ಯಾಂಡಿನಲ್ಲಿ ಏಜೆಂಟ್. ಹಕ್ಕಿ ಅವರ ಮನೆಯ ರಸ್ತೆ ಬದಿಯ ಕಿಟಕಿಯಲ್ಲಿ ಕೂತು ಕಂಡಕ್ಟರ್ ಸೀಟಿ ಹೊಡೆಯುತ್ತದೆ. ಹೊಸ ಡ್ರೈವರುಗಳು ಒಮ್ಮೊಮ್ಮೆ ಬ್ರೇಕ್ ಒತ್ತುವುದೂ ಉಂಟು.

ಮಾಮ ಮಧ್ಯಾಹ್ನದ ಬಸ್ಸುಗಳಿಗೆ ಹೋದ ಮೇಲೆ ಅವರಿದ್ದಲ್ಲಿಗೇ ಹೋಗಿ, ಮನೆಯಲ್ಲಿ ಪಾಯಸ ಇಟ್ಟು ಬರುವ ನೆಪ ಹೇಳಿ ಬೀಗದ ಕೈ ಪಡೆದೆ. ಬೇಕಾದ ಸಾಮಗ್ರಿ: ಕಿವಿಗೆ ಹಾಕುವ ಹತ್ತಿಕಡ್ಡಿ ಒಂದು, ಮದ್ದಿನ ನೀರು ಅರ್ಧ ಚಮಚ, ಲಂಚಕ್ಕೆ ಸೂರ್ಯಕಾಂತಿ ಬೀಜ ಹತ್ತು. ಹಕ್ಕಿ ಬೀಜ ಬಿಡಿಸುವುದರಲ್ಲಿ ಮಗ್ನವಾಗಿದ್ದಾಗ ಕೊಕ್ಕಿಗೆ ಮೂರು ಸಲ ಬಳಿದೆ. ಚಿತ್ರಕಲೆ ಪರೀಕ್ಷೆಯಲ್ಲಿ ನನಗೆ ಇಷ್ಟು ಏಕಾಗ್ರತೆ ಇದ್ದಿದ್ದರೆ!

ಆಗಸ್ಟ್ ೪, ಸೋಮವಾರ

ಫಲಿತಾಂಶ ಪ್ರಕಟವಾಗಿದೆ. ಬೆಳಿಗ್ಗೆ ಆರಕ್ಕೆ ಮಾಮ ಬನಿಯನ್ನಿನಲ್ಲೇ ಪಂಜರ ಎತ್ತಿಕೊಂಡು ನಮ್ಮ ಬಾಗಿಲಿಗೆ ಬಂದರು. 

"ಸುಧಮ್ಮಾ, ನೋಡಿ ಇಲ್ಲಿ, ಇದರ ಮೂತಿ ಹಿಂಗೆ ನೀಲಿ ಕಟ್ಕಂಡದೆ. ರಾತ್ರಿ ಚೆನ್ನಾಗೇ ಇತ್ತು."

ಅಮ್ಮ ಕೊಕ್ಕನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಇಪ್ಪತ್ತೊಂದು ವರ್ಷದ ಅನುಭವ. ನಾನು ಗಂಭೀರವಾಗಿ ಕೈಮುಗಿದು, "ಮಾಮ, ಹೋಲ್ಡಾನ್ ಈ ಊರಿಗೆ ಬಂದು ಆರು ವರ್ಷ ಆಯ್ತು, ಕಕ್ಕಡದ ಮದ್ದು ತಗೊಳ್ಳದಿದ್ರೆ ಜಾತಿಯಿಂದ ಹೊರಗೆ ಹಾಕ್ತಾರೆ" ಎಂದೆ.

 ಮಾಮ ಮೆಟ್ಟಿಲ ಮೇಲೆ ಕೂತು, ಪಂಜರವನ್ನು ಮಡಿಲಲ್ಲಿ ಇಟ್ಟುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. "ನಿನ್ ಮನೆ ಕಾಯೋಗ! ನನ್ನ ಎದೆ ಬಾಯಿಗೆ ಬಂದಿತ್ತಲ್ಲೇ." ಸಂಜೆಯೊಳಗೆ ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ ಈ ಕಥೆಯನ್ನು ಅವರೇ ನಾಲ್ಕು ಸಲ ಹೇಳಿದರು. ನನ್ನ ಕೀರ್ತಿ ಬೇತು, ಕಕ್ಕಬ್ಬೆವರೆಗೂ ಬಸ್ ಹತ್ತಿ ಹೋಗಿರಬೇಕು.

ಆಗಸ್ಟ್ ೧೪, ಗುರುವಾರ

ಹತ್ತು ದಿನ ಬರೆಯುವಂಥದ್ದೇನೂ ಇರಲಿಲ್ಲ. ನೇರಳೆ ಬಣ್ಣ ಎಂಟನೇ ದಿನಕ್ಕೆ ಪೂರ್ತಿ ಹೋಗಿ ಕೊಕ್ಕು ಮೊದಲಿನ ಹಾಗೆ ಆಗಿತ್ತು.

ಇವತ್ತು ನಾನು ಅಂಗಡಿಯಲ್ಲಿದ್ದೆ. ತೀರ್ಥಪ್ರಸಾದಣ್ಣನ ಕಾಫಿ, ಕಾಳುಮೆಣಸು ಕೊಳ್ಳುವ ಅಂಗಡಿಯಲ್ಲಿ ನನ್ನದು ಸ್ಯಾಂಪಲ್ ತೂಗುವ ಕೆಲಸ. ಅಲ್ಲೇ ಪಕ್ಕದ ರ್‍ಯಾಕಿನಲ್ಲಿ ಹಕ್ಕಿ ಕಾಳು, ಕೋಳಿ ಫೀಡು. ಮಾಮ ಸೂರ್ಯಕಾಂತಿ ಬೀಜ ಒಯ್ಯಲು ಬಂದವರು ನಾಲ್ಕು ಜನರೆದುರು ನನ್ನತ್ತ ಬೆರಳು ಮಾಡಿದರು.

"ಏನವ್ವಾ, ಎರಡನೇ ಕೋಟಿಂಗ್ ಹೊಡೆದಿದೀಯ? ಈ ಸಲ ಕಂದು ಬಣ್ಣ. ತುದಿಗೆ ಒಂದು, ಬುಡಕ್ಕೆ ಒಂದು ಮಚ್ಚೆ. ಯಾವಾಗ ಬಂದು ಬಳ್ದೋದೆ ನೀನು?"

ನಾನು ಬಳಿದಿರಲಿಲ್ಲ. ಆದರೆ ಎಲ್ಲರೂ ಆಗಲೇ ನಗುತ್ತಿದ್ದರು. ತೀರ್ಥಪ್ರಸಾದಣ್ಣ "ಇವಳ ಕೈಗೆ ಒಂದು ಬ್ರಷ್ ಕೊಟ್ರೆ ಪಂಚಾಯ್ತಿ ಆಫೀಸನ್ನೂ ಬಿಡಲ್ಲ" ಎಂದ. ನಾನು ಎದ್ದು ನಿಂತು ಸೊಂಟ ಬಗ್ಗಿಸಿ ಸಭೆಗೆ ವಂದಿಸಿದೆ.

ಮಾಡದ ಕೆಲಸಕ್ಕೆ ಚಪ್ಪಾಳೆ ಸಿಕ್ಕಿದ್ದು ಇದೇ ಮೊದಲು. ಪರವಾಗಿಲ್ಲ, ರುಚಿ ಅದೇ.

ಆಗಸ್ಟ್ ೧೬, ಶನಿವಾರ

ಮಾಮ ಕೆಲಸದಲ್ಲಿದ್ದಾಗ, ಪಾಯಸದ ಪಾತ್ರೆ ತರುವ ನೆಪ ಹೇಳಿ ಬೀಗದ ಕೈ ಇಸಿದುಕೊಂಡು ಹೋಗಿ ನೋಡಿದೆ. ಕೊಕ್ಕಿನ ತುದಿಯಲ್ಲಿ ಅರ್ಧ ಕಾಳುಮೆಣಸಿನಷ್ಟು ಕಂದು ಕಲೆ, ಬುಡದಲ್ಲಿ ಇನ್ನೊಂದು. ಒದ್ದೆ ಬಟ್ಟೆಯಿಂದ ಒರೆಸಿದೆ. ಹೋಗಲಿಲ್ಲ. ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದೆ. ಹೋಗಲಿಲ್ಲ. ಕಲೆ ಮೇಲೆ ಕೂತ ಹಾಗಿರಲಿಲ್ಲ, ಒಳಗಿನಿಂದ ಕಾಣುವ ಹಾಗಿತ್ತು, ಉಗುರಿಗೆ ಸುತ್ತಿಗೆ ಬಿದ್ದಾಗ ಆಗುತ್ತದಲ್ಲ, ಹಾಗೆ. ಮೇಲಿನ ಕೊಕ್ಕು ಮೊದಲಿಗಿಂತ ಉದ್ದವಾಗಿದೆಯೋ ಅಥವಾ ನಾನೇ ಈಗ ಸರಿಯಾಗಿ ನೋಡುತ್ತಿರುವುದೋ ಗೊತ್ತಿಲ್ಲ.

ಫೋನಿನಲ್ಲಿ ಹುಡುಕಿದೆ. ಎಲ್ಲಾದರೂ ಬಡಿದುಕೊಂಡಿರಬಹುದು. ಹುಳ ಇರಬಹುದು. ಊಟದಲ್ಲಿ ಕೊರತೆ ಇರಬಹುದು. ಯಕೃತ್ತಿನ ತೊಂದರೆ ಇದ್ದರೂ ಹೀಗೆ ಕಲೆ ಬಂದು ಕೊಕ್ಕು ಬೇಗ ಬೆಳೆಯುತ್ತದೆ, ತಡ ಮಾಡದೆ ಹಕ್ಕಿ ಡಾಕ್ಟರಿಗೆ ತೋರಿಸಿ.

ಸೋಮವಾರ ಮಾಮನಿಗೆ ಹೇಳಬೇಕು. ಹೇಳುವುದಕ್ಕೆ ಒಂದು ತಮಾಷೆಯ ದಾರಿ ಹುಡುಕಬೇಕು, ಅಷ್ಟೇ.

ಆಗಸ್ಟ್ ೧೮, ಸೋಮವಾರ

ಹೇಳಲಿಲ್ಲ. ಮಾಮ ಬಸ್‌ಸ್ಟ್ಯಾಂಡಿನಲ್ಲಿ ಯಾರಿಗೋ ನನ್ನ ಎರಡನೇ ಕೋಟಿಂಗಿನ ಕಥೆ ಹೇಳುತ್ತಿದ್ದರು. ಎಷ್ಟು ಖುಷಿಯಲ್ಲಿದ್ದರೆಂದರೆ, ಮಧ್ಯದಲ್ಲಿ ಹೋಗಿ ಕಥೆಯ ಕಾಲು ಮುರಿಯಲು ಮನಸ್ಸು ಬರಲಿಲ್ಲ.

ಇದು ನೆಪವೆಂದು ಈ ಕೆಳಗೆ ಸಹಿ ಮಾಡಿದವಳಿಗೂ ತಿಳಿದಿದೆ.

ಆಗಸ್ಟ್ ೨೪, ಭಾನುವಾರ

ಹೋಲ್ಡಾನ್ ಇವತ್ತು ಕೋಲಿನ ಮೇಲೆ ಕೂತಿರಲಿಲ್ಲ. ಪಂಜರದ ತಳದಲ್ಲಿ, ಮೂಲೆಯಲ್ಲಿ, ಮೈಯ ಗರಿ ಎಲ್ಲ ಉಬ್ಬಿಸಿಕೊಂಡು, ತಲೆಯನ್ನು ಬೆನ್ನಿಗೆ ಸಿಕ್ಕಿಸಿಕೊಂಡು ಕೂತಿತ್ತು. ಉಸಿರಾಡಿದಾಗಲೆಲ್ಲ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಹಿಕ್ಕೆ ಹಸಿರಾಗಿತ್ತು. ಮಾಮ ನೆಲದ ಮೇಲೆ ಕೂತು ಬೀಜವನ್ನು ತಾವೇ ಬಿಡಿಸಿ ಬಿಡಿಸಿ ಅದರ ಮುಂದೆ ಇಡುತ್ತಿದ್ದರು.

"ಮೂರು ದಿನದಿಂದ ಸರಿಯಾಗಿ ತಿಂತಿಲ್ಲ ಕಣವ್ವಾ. ಯಮುನಾ, ಎರಡನೇ ಸಲ ನೀನು ಏನು ಬಳ್ದಿದ್ದು? ಪೇಂಟ್ ಗೀಂಟ್ ಅಲ್ಲ ತಾನೆ?"

 ಮಾಮ ಆಗಲೇ ಪಶು ಆಸ್ಪತ್ರೆಯ ಡಾಕ್ಟರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ್ದರು. ಆ ಕಡೆಯಿಂದಲೂ ಅದೇ ಪ್ರಶ್ನೆ ಬಂತು. "ಏನು ಬಳಿದಿದ್ದಮ್ಮ? ಅದು ಗೊತ್ತಾಗ್ಬೇಕು ಮೊದಲು."

ನಾನು "ಮದ್ದುಸೊಪ್ಪಿನ ನೀರೇ ಸರ್" ಎಂದೆ.

"ಹಾಗಾದ್ರೆ ಅದೇ ಹೊಟ್ಟೆಗೆ ಹೋಗಿರಬಹುದು. ನಾನು ದನ, ನಾಯಿ ನೋಡೋನು, ಹಕ್ಕಿ ನನ್ನ ಕೈಯಲ್ಲಿ ಆಗೋದಿಲ್ಲ. ಎರಡು ದಿನ ಬೆಚ್ಚಗಿಟ್ಟು ನೀರು ಕುಡಿಸಿ ನೋಡಿ. ಸರಿಹೋಗದಿದ್ರೆ ಮೈಸೂರಿಗೆ ಒಯ್ಯಿರಿ."

ಎರಡು ದಿನ. ಒಂದು ಸಾಲಿನ ಸುಳ್ಳಿಗೆ ಎರಡು ದಿನ ಮಂಜೂರಾಯಿತು.

ನಾನು ಮೊದಲನೇ ಸಲ ಬಳಿದದ್ದು ಹಕ್ಕಿಗೆ ಏನೂ ಮಾಡಿಲ್ಲ. ಎರಡನೇ ಸಲ ಬಳಿಯದೇ ಇದ್ದದ್ದು ಅದನ್ನು ಕೊಲ್ಲುತ್ತಿದೆ. ಇಂಥ ಸಾಧನೆ ಬೇರೆ ಯಾರಾದರೂ ಮಾಡಿದ್ದರೆ ತಿಳಿಸಬೇಕಾಗಿ ವಿನಂತಿ.

ಆಗಸ್ಟ್ ೨೫, ಸೋಮವಾರ

ಕರಡು ಒಂದು: ಮಹಾರಾಜಶ್ರೀ ಜಯಪ್ಪನವರ ಸನ್ನಿಧಾನಕ್ಕೆ, ತಮ್ಮ ಪಾದಧೂಳಿಯಾದ ಯಮುನೆ ಸಾಷ್ಟಾಂಗ ಎರಗಿ ಮಾಡುವ ಅರಿಕೆ ಏನೆಂದರೆ, ದಿನಾಂಕ ಹದಿನಾಲ್ಕರಂದು ನಡೆದಿದೆಯೆನ್ನಲಾದ ಬಣ್ಣದ ಪ್ರಕರಣದಲ್ಲಿ ಆರೋಪಿಯು ನಿರಪರಾಧಿಯಾಗಿದ್ದು, ಆ ಕಾರಣಕ್ಕಾಗಿಯೇ ಶಿಕ್ಷೆಗೆ ಅರ್ಹಳಾಗಿರುತ್ತಾಳೆ.

ಕರಡು ಎರಡು: ಮಾಮ, ಒಂದು ಒಳ್ಳೆ ಸುದ್ದಿ, ಒಂದು ಕೆಟ್ಟ ಸುದ್ದಿ. ಒಳ್ಳೆ ಸುದ್ದಿ, ನಾನು ಸುಧಾರಿಸಿದ್ದೇನೆ, ಎರಡನೇ ಸಲ ಬಣ್ಣ ಬಳಿದಿಲ್ಲ.

ಕರಡು ಮೂರು: ಮಾಮ, ನಾನು ಬಳಿದಿರಲಿಲ್ಲ.

ಮೂರನೆಯದು ಚೆನ್ನಾಗಿಲ್ಲ. ಅದರಲ್ಲಿ ನಾನು ಅಡಗಿಕೊಳ್ಳಲು ಜಾಗವೇ ಇಲ್ಲ.

ಅಮ್ಮ ಹೊಲಿಗೆ ಮೆಷಿನ್ ನಿಲ್ಲಿಸಿ "ಎಂತ ಆಗಿದೆ ನಿಂಗೆ? ಅನ್ನ ಹಾಗೇ ಬಿಟ್ಟಿದ್ದೀಯ" ಎಂದಳು. "ಹಸಿವಿಲ್ಲ" ಎಂದೆ. "ನಿಂಗೆ ಹಸಿವಿಲ್ಲ, ಆ ಹಕ್ಕಿಗೂ ಹಸಿವಿಲ್ಲ. ಎರಡು ಮನೆಗೂ ಸೇರಿ ಒಂದೇ ಕಾಯಿಲೆ ಬಂದಿದೆ ಮಾರಾಯ್ತಿ." ಅಮ್ಮ ನಗಿಸಲು ಹೇಳಿದ್ದು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ನಾಳೆ ಬೆಳಿಗ್ಗೆ ಆರೂಕಾಲರ ಬಸ್ಸಿಗೆ ಮಾಮ ಮೈಸೂರಿಗೆ ಹೊರಟಿದ್ದಾರೆ.

ಆಗಸ್ಟ್ ೨೬, ಮಂಗಳವಾರ

ಗೌರಿ ಹಬ್ಬದ ದಿನದ ಬಸ್ಸು. ಸೀಟಿನ ಕೆಳಗೆಲ್ಲ ಬಾಳೆಎಲೆಯ ಕಟ್ಟು, ಹೂವಿನ ಬುಟ್ಟಿ. ಮಾಮ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತಿದ್ದರು. ಮಡಿಲಲ್ಲಿ ಪಂಜರ, ಅದರ ಮೇಲೆ ಹೊದಿಸಿದ ಮೈ ಒರೆಸುವ ಬೈರಾಸು. ನಾನು ಚಪ್ಪಲಿ ಕೂಡ ಸರಿಯಾಗಿ ಹಾಕಿಕೊಳ್ಳದೆ ಓಡಿ ಹೋಗಿ ಬಸ್ ಹತ್ತಿದೆ.

"ನೀನ್ಯಾಕೆ ಬಂದೆ? ಹೋಗು, ಅಂಗಡಿ ಇಲ್ವಾ?"

"ಮಾಮ, ಎರಡನೇ ಸಲ ನಾನು ಬಳಿದಿರಲಿಲ್ಲ."

"ಏನು?"

"ಕಂದು ಬಣ್ಣ. ಅದು ನಾನು ಬಳಿದಿದ್ದಲ್ಲ. ತಾನಾಗೇ ಬಂದಿದ್ದು. ಅವತ್ತೇ ನಂಗೆ ಗೊತ್ತಿತ್ತು. ಡಾಕ್ಟ್ರು ಕೇಳಿದ್ರೆ ಹದಿನಾಲ್ಕನೇ ತಾರೀಖಿಂದ ಅಂತ ಹೇಳಿ. ಏನೂ ಬಳಿದಿಲ್ಲ ಅಂತ ಹೇಳಿ. ಮದ್ದುಸೊಪ್ಪು ಅಂದಿದ್ದೂ ಸುಳ್ಳು."

ಪಕ್ಕದಲ್ಲಿ ಕೂತಿದ್ದ ಹೆಂಗಸು ಹೂವಿನ ಬುಟ್ಟಿಯನ್ನು ಸ್ವಲ್ಪ ಸರಿಸಿಕೊಂಡರು. ಕಂಡಕ್ಟರ್ "ಇಳಿಯೋರು ಇಳ್ಕೊಳ್ಳಿ" ಎಂದ. ಮಾಮ ನನ್ನನ್ನೇ ನೋಡುತ್ತಿದ್ದರು. ಅರ್ಥವಾಗಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದದ್ದು ನನಗೆ ಕಂಡಿತು.

"ನೀನು ಬಳ್ದಿದೀಯ ಅಂತ ನಾನು ನಿಶ್ಚಿಂತೆಯಾಗಿ ಮಲಗ್ತಿದ್ದೆ ಕಣೆ" ಎಂದರು. ಜೋರಾಗಿ ಅಲ್ಲ.

ನಾನು ಇಳಿದೆ. ಬಸ್ಸು ಹೋಯಿತು.

ಬೈದಿದ್ದರೆ ಬರೆಯಲು ಸುಲಭವಾಗುತ್ತಿತ್ತು.

ಆಗಸ್ಟ್ ೨೭, ಬುಧವಾರ

ಮಾಮ ನಿನ್ನೆ ಸಂಜೆ ಬಂದರು. ಅವರ ಮನೆಯ ಬಾಗಿಲು ಮುಚ್ಚಿಯೇ ಇದೆ. ಕಿಟಕಿಗೂ ಬಟ್ಟೆ ಕಟ್ಟಿದ್ದಾರೆ, ಹಕ್ಕಿಗೆ ಗಾಳಿ ತಾಗಬಾರದಂತೆ.

ಸುದ್ದಿ ಅಮ್ಮನ ಮೂಲಕ ಬಂತು. ಡಾಕ್ಟರ್ ಕುಸುಮಾ ಎಂಬವರು ನೋಡಿದರಂತೆ, ಎಕ್ಸ್‌ರೇ ತೆಗೆದರಂತೆ. ಯಕೃತ್ತು ಊದಿಕೊಂಡು ಕೊಬ್ಬು ತುಂಬಿದೆ. ಕೊಕ್ಕಿನ ಕಂದು ಕಲೆ ಒಳಗೆ ರಕ್ತ ಒಸರಿ ಆದದ್ದು, ರಕ್ತ ಹೆಪ್ಪುಗಟ್ಟಿಸುವ ಕೆಲಸವೂ ಯಕೃತ್ತಿನದೇ ಅಂತೆ. ಉದ್ದವಾಗಿದ್ದ ಕೊಕ್ಕನ್ನು ಸಣ್ಣ ಅರದಿಂದ ಉಜ್ಜಿ ಸರಿಮಾಡಿದ್ದಾರೆ. ಹಕ್ಕಿಗೆಂದೇ ಕೊಟ್ಟ ಹಿಟ್ಟನ್ನು ನೀರಲ್ಲಿ ಕಲಸಿ ದಿನಕ್ಕೆ ನಾಲ್ಕು ಸಲ ಸಿರಿಂಜಿನಲ್ಲಿ ಕುಡಿಸಬೇಕು, ಎರಡು ಸಲ ಔಷಧಿ, ಬೆಳಿಗ್ಗೆ ಹೊಟ್ಟೆ ಖಾಲಿ ಇದ್ದಾಗ ತೂಕ ನೋಡಿ ಬರೆದಿಡಬೇಕು. ತೊಂಬತ್ತೈದು ಗ್ರಾಂ ಇರಬೇಕಾದ ಹಕ್ಕಿ ಎಂಬತ್ತೊಂದು ಇದೆ. ಎಪ್ಪತ್ತೈದಕ್ಕೆ ಇಳಿದರೆ ಆಸೆ ಇಟ್ಟುಕೊಳ್ಳಬೇಡಿ ಎಂದರಂತೆ.

"ಕಲೆ ಕಂಡ ದಿನವೇ ತಂದಿದ್ರೆ ಇಷ್ಟು ಕಷ್ಟ ಇರ್ತಿರಲಿಲ್ಲ ಅಂದ್ರಂತೆ" ಎಂದು ಅಮ್ಮ ಹೇಳಿ, "ಜಯಪ್ಪಣ್ಣ ನಿನ್ನ ಹೆಸರು ಎಲ್ಲೂ ಎತ್ತಲಿಲ್ಲ" ಎಂದಳು.

ಗಣಪತಿ ಹಬ್ಬದ ಕಡುಬು ನಾನೇ ತೆಗೆದುಕೊಂಡು ಹೋದೆ. ಬಾಗಿಲು ತಟ್ಟಿದೆ. ಒಳಗೆ ಕುರ್ಚಿ ಸರಿದ ಸದ್ದು ಕೇಳಿತು. ಬಾಗಿಲು ತೆಗೆಯಲಿಲ್ಲ. ಪಾತ್ರೆಯನ್ನು ಹೊಸಿಲ ಬಳಿ ಇಟ್ಟು ಬಂದೆ.

ಆಗಸ್ಟ್ ೩೦, ಶನಿವಾರ

ಹಕ್ಕಿಗೆ ಸಿರಿಂಜಿನಲ್ಲಿ ಕುಡಿಸಲು ಇಬ್ಬರು ಬೇಕು, ಒಬ್ಬರು ಹಿಡಿಯಬೇಕು, ಒಬ್ಬರು ಕೊಡಬೇಕು. ಮೂರು ದಿನದಿಂದ ಹಿಡಿಯುತ್ತಿದ್ದವಳು ಅಮ್ಮ. ಇವತ್ತು ಹಕ್ಕಿ ಅಮ್ಮನ ಬೆರಳು ಕಚ್ಚಿತು. ಅಮ್ಮ ಬೆಚ್ಚಿ ಬಿಟ್ಟುಬಿಟ್ಟಳು, ಅದು ಹೋಗಿ ಬೀರುವಿಗೆ ಬಡಿಯಿತು. ಅಮ್ಮ ಎರಡೂ ಕೈ ಮುಗಿದು ಹೊರಗೆ ಬಂದು, "ನಂಗೆ ಆಗೋದಿಲ್ಲ. ನೀನು ಹೋಗು" ಎಂದಳು.

ಹೋದೆ. ಮಾಮ ನನ್ನ ಮುಖ ನೋಡಲಿಲ್ಲ. ಬಟ್ಟೆಯನ್ನು ಚಾಚಿದರು.

"ತಲೆ ಎರಡು ಬೆರಳಲ್ಲಿ ಹಿಡಿ. ಎದೆ ಒತ್ಬೇಡ. ಎದೆ ಒತ್ತಿದ್ರೆ ಉಸಿರು ಆಡಲ್ಲ ಅದಕ್ಕೆ."

ಹಿಡಿದೆ. ಬಟ್ಟೆಯೊಳಗೆ ಮೈ ಇದೆಯೋ ಇಲ್ಲವೋ ಎನ್ನುವಷ್ಟು ಹಗುರ. ಎದೆಯ ನಡುವಿನ ಮೂಳೆ ಪೆನ್ಸಿಲಿನ ಹಾಗೆ ಬೆರಳಿಗೆ ತಾಗಿತು. ಅದರ ಎದೆ ಬಡಿತವನ್ನು ಎಣಿಸಲು ನೋಡಿದೆ, ಎಣಿಸುವಷ್ಟು ನಿಧಾನವಿರಲಿಲ್ಲ. ಮಾಮ ಕೊಕ್ಕಿನ ಎಡಗಡೆಯಿಂದ ಸಿರಿಂಜು ಇಟ್ಟು ಹನಿ ಹನಿ ಬಿಟ್ಟರು. ಅದು ನುಂಗಿತು.

"ಬಿಡು" ಎಂದರು. ಬಿಟ್ಟೆ. ಇಡೀ ದಿನದಲ್ಲಿ ನಾಲ್ಕು ಸಲ ಹೋದೆ. ಆಮೇಲಿನ ಮೂರು ಸಲ ಮಾಮ ಆಡಿದ ಮಾತು ಎರಡೇ, ಹಿಡಿ ಮತ್ತು ಬಿಡು.

ಸೆಪ್ಟೆಂಬರ್ ೨, ಮಂಗಳವಾರ

ಅಂಗಡಿಯಲ್ಲಿ ತೀರ್ಥಪ್ರಸಾದಣ್ಣ, ಮೆಣಸು ತಂದಿದ್ದವರ ಎದುರಿಗೇ, "ಮುಂದಿನ ಬಣ್ಣ ಯಾವುದು ಯಮುನಾ? ಹಸಿರು ಬಳಿ, ಗಿಳಿ ಅಂತ ಮಾರಬಹುದು" ಎಂದ.

"ಎರಡನೇದು ನಾನು ಬಳಿದಿದ್ದಲ್ಲ ಅಣ್ಣ. ಹಕ್ಕಿಗೆ ಕಾಯಿಲೆ. ನಾನು ಸುಮ್ಮನೆ ನಂದು ಅಂತ ಒಪ್ಪಿಕೊಂಡೆ" ಎಂದೆ.

ಯಾರೂ ನಗಲಿಲ್ಲ. ನಗುವಂಥದ್ದೂ ಇರಲಿಲ್ಲ. ತೀರ್ಥಪ್ರಸಾದಣ್ಣ ಮೆಣಸಿನ ಚೀಲಕ್ಕೆ ಕೈ ಹಾಕಿ ಸುಮ್ಮನೆ ತಿರುವುತ್ತಾ ನಿಂತ. ಆಮೇಲೆ, "ನಮ್ಮ ಅಂಗಡಿ ಬೀಜದಿಂದ ಏನಾದ್ರೂ…?" ಎಂದು ಕೇಳಿದ. ಬೀಜ ಕೆಟ್ಟದ್ದಲ್ಲ, ಬರೀ ಬೀಜವನ್ನೇ ಹಾಕಿದ್ದು ಕೆಟ್ಟದ್ದು ಎಂದು ಡಾಕ್ಟರ್ ಅಂದರಂತೆ, ಅಮ್ಮನಿಂದ ಕೇಳಿದ್ದನ್ನು ಹೇಳಿದೆ. ಸ್ಯಾಂಪಲ್ ತೂಗುವ ಸಣ್ಣ ತಕ್ಕಡಿಯನ್ನು ಬೆಳಗಿನ ಹೊತ್ತಿಗೆ ಮನೆಗೆ ಒಯ್ಯಲೇ ಎಂದು ಕೇಳಿದೆ. ಮಾಮನ ಅಡಿಗೆಮನೆಯ ತಕ್ಕಡಿ ಐದು ಗ್ರಾಂ ಆಚೀಚೆ ತೋರಿಸುತ್ತದೆ. ತೀರ್ಥಪ್ರಸಾದಣ್ಣನೇ ಅದನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟ.

ಸಂಜೆ ಹಿಟ್ಟು ಕುಡಿಸುವ ಮೊದಲು ತೂಗಿದೆವು. ಎಂಬತ್ತಮೂರು ಗ್ರಾಂ.

ಸೆಪ್ಟೆಂಬರ್ ೫, ಶುಕ್ರವಾರ

ಹೋಲ್ಡಾನ್ ತಾನಾಗಿ ನುಗ್ಗೆಸೊಪ್ಪಿನ ಒಂದು ಎಲೆ ಹರಿಯಿತು. ತಿನ್ನಲಿಲ್ಲ, ಹರಿದು ಎಸೆಯಿತು. ಆದರೂ ಮಾಮನ ಮುಖ ಸ್ವಲ್ಪ ಬಿಟ್ಟುಕೊಂಡಿತು. ಸೂರ್ಯಕಾಂತಿ ಬೀಜದ ಡಬ್ಬವನ್ನು ಖಾಲಿ ಮಾಡಿ ತೊಳೆದು ಕವುಚಿದ್ದಾರೆ. ಮೊಳಕೆ ಕಟ್ಟಿದ ಹೆಸರುಕಾಳು, ನವಣೆ, ಮೈಸೂರಿನಿಂದ ತಂದ ಗುಳಿಗೆಯಂಥ ಹಕ್ಕಿ ಊಟ, ಎಲ್ಲ ಬೇರೆ ಬೇರೆ ಬಟ್ಟಲಲ್ಲಿದೆ.

ನಾನು ಹಿಡಿದಿದ್ದಾಗ ಮಾಮ ಸಿರಿಂಜು ನೋಡುತ್ತಲೇ ಮಾತಾಡಿದರು.

"ಡಾಕ್ಟರಮ್ಮ ಅಂದ್ರು, ಬರೀ ಸೂರ್ಯಕಾಂತಿ ಅಂದ್ರೆ ದಿನಾ ಮೂರು ಹೊತ್ತೂ ಬೋಂಡ ತಿಂದಂಗೆ ಅಂತ. ಬೇರೆ ಏನು ಹಾಕಿದ್ರೂ ಇದು ಒದ್ದು ಚೆಲ್ಲೋದು. ಪಾಪ ಇಷ್ಟಪಡ್ತದಲ್ಲ ಅಂತ ನಾನು ಅದನ್ನೇ ಹಾಕಿದೆ. ನಿಂದು ಹನ್ನೆರಡು ದಿನ. ನಂದು ಆರು ವರ್ಷ."

ಇದನ್ನು ಕೇಳಿ ನನಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಮಾಮ ಗೊತ್ತಿಲ್ಲದೆ ಮಾಡಿದರು. ನಾನು ಫೋನಿನಲ್ಲಿ ಓದಿ, ಮುಚ್ಚಿ, ಊಟ ಮಾಡಿ ಮಲಗಿದೆ.

ಹಾಗಂತ ಹೇಳಿದೆ. ಮಾಮ "ಹೂಂ" ಎಂದರು. ಅಲ್ಲವೆನ್ನಲಿಲ್ಲ.

ಸೆಪ್ಟೆಂಬರ್ ೮, ಸೋಮವಾರ

ಮಾಮನ ತಂಗಿ ಶಕುಂತಲಮ್ಮನವರಿಗೆ ಹಾಸನದಲ್ಲಿ ಪಿತ್ತಕೋಶದ ಆಪರೇಷನ್. ಭಾವ ತೀರಿಕೊಂಡಿದ್ದಾರೆ, ಸಹಿ ಮಾಡಲು, ಜೊತೆಗಿರಲು ಮಾಮನೇ ಹೋಗಬೇಕು. ಶನಿವಾರ ವಾಪಸ್. ಹಕ್ಕಿಯನ್ನು ಬಸ್ಸಿನಲ್ಲಿ ಮತ್ತೆ ಅಲ್ಲಾಡಿಸುವುದು ಬೇಡವೆಂದು ಡಾಕ್ಟರ್ ಹೇಳಿದ್ದಾರೆ.

ಮಾಮ ಅರ್ಧ ಗಂಟೆ ನಮ್ಮ ಜಗುಲಿಯಲ್ಲಿ ಕೂತು ಅಮ್ಮನ ಹತ್ತಿರ ಬೇರೆ ಯಾವುದೋ ಮಾತಾಡಿದರು. ಕೊನೆಗೆ ಬೀಗದ ಕೈಯನ್ನು ನನ್ನ ಕೈಗೆ ಕೊಡಲಿಲ್ಲ, ನಮ್ಮಿಬ್ಬರ ನಡುವೆ ಜಗುಲಿಯ ಮೇಲೆ ಇಟ್ಟರು.

"ಹಿಟ್ಟು ಬೆಚ್ಚಗಿರಬೇಕು, ಬಿಸಿ ಇರಬಾರದು. ನಿನ್ನ ಮಣಿಕಟ್ಟಿನ ಮೇಲೆ ಹನಿ ಬಿಟ್ಟು ನೋಡು. ಒಬ್ಳೇ ಹಿಡಿದು ಒಬ್ಳೇ ಕೊಡಕ್ಕೆ ಆಗ್ತದಾ?"

"ಆಗ್ತದೆ ಮಾಮ. ಬಟ್ಟೆಯಲ್ಲಿ ಸುತ್ತಿ ತೊಡೆ ಮೇಲೆ ಇಟ್ಕೊಂಡು ನೋಡಿದ್ದೇನೆ."

"ಸುಧಮ್ಮ, ತೂಕ ನೋಡೋವಾಗ ನೀವೂ ಒಂದ್ಸಲ ಕಣ್ಣು ಹಾಯಿಸಿ. ಸಂಜೆ ನಿಮಗೆ ಫೋನ್ ಮಾಡ್ತೀನಿ."

ಅಮ್ಮ ನನ್ನ ಕಡೆ ನೋಡದೆ ಆಗಲಿ ಎಂದಳು. ಸರಿಯೇ. ನನ್ನ ಮಾತಿಗೆ ಸಾಕ್ಷಿ ಬೇಕಾಗುವ ಹಾಗೆ ಮಾಡಿಕೊಂಡವಳು ನಾನೇ.

ಸೆಪ್ಟೆಂಬರ್ ೯, ಮಂಗಳವಾರ

ಎಂಬತ್ತನಾಲ್ಕು. ಅಮ್ಮನೂ ನೋಡಿದಳು. ಸಂಜೆ ಮಾಮ ಅಮ್ಮನಿಗೆ ಫೋನ್ ಮಾಡಿ ಕೇಳಿದರು. ಎರಡು ಸಲ ಕೇಳಿದರಂತೆ.

ಸೆಪ್ಟೆಂಬರ್ ೧೦, ಬುಧವಾರ

ಬೆಳಿಗ್ಗೆ ಆರೂವರೆಗೆ ತೂಗಿದೆ. ಎಂಬತ್ತೊಂದು. ತಕ್ಕಡಿಯನ್ನು ಸೊನ್ನೆಗೆ ತಂದು ಮತ್ತೆ ತೂಗಿದೆ. ಎಂಬತ್ತೊಂದು. ಅಮ್ಮ ಹಾಲು ತರಲು ಹೋಗಿದ್ದಳು.

ಒಂದೇ ರಾತ್ರಿಗೆ ಮೂರು ಗ್ರಾಂ. ಮಾಮನ ಪುಸ್ತಕದಲ್ಲಿ ಪ್ರತಿ ದಿನದ ತೂಕ ಒಂದರ ಕೆಳಗೊಂದು, ಕಂಡಕ್ಟರು ಟಿಕೆಟ್ ಲೆಕ್ಕದ ಟ್ರಿಪ್ ಶೀಟು ಬರೆದ ಹಾಗೆ ನೇರವಾಗಿ ಇದೆ. ನಾನು ಪೆನ್ನು ಹಿಡಿದು ಕೂತೆ. ಇವತ್ತು ಶಕುಂತಲಮ್ಮನವರ ಆಪರೇಷನ್. ಎಂಬತ್ತನಾಲ್ಕು ಎಂದೇ ಬರೆದರೆ ಮಾಮ ಒಂದು ದಿನ ನೆಮ್ಮದಿಯಿಂದ ಆಸ್ಪತ್ರೆಯಲ್ಲಿ ಕೂರುತ್ತಾರೆ, ನಾಳೆ ತೂಕ ಏರಿದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಒಳ್ಳೆಯ ಕಾರಣ. ನನ್ನ ಕಾರಣಗಳು ಯಾವಾಗಲೂ ಒಳ್ಳೆಯವೇ ಆಗಿರುತ್ತವೆ.

ಎಂಬತ್ತೊಂದು ಎಂದು ಬರೆದೆ. ಡಾಕ್ಟರ್ ಕುಸುಮಾ ಅವರಿಗೆ ಫೋನ್ ಮಾಡಿದೆ. ಹಿಕ್ಕೆಯ ಫೋಟೊ ಕಳಿಸು ಎಂದರು, ಕಳಿಸಿದೆ. ನಾಲ್ಕು ಸಲದ ಬದಲು ಆರು ಸಲ, ಕಡಿಮೆ ಕಡಿಮೆ ಕೊಡು, ಪಂಜರದ ಪಕ್ಕ ಬಲ್ಬು ಹಚ್ಚಿಡು ಎಂದರು. ಆಮೇಲೆ ಮಾಮನಿಗೆ ಮಾಡಿದೆ. ಹಿಂದೆ ಆಸ್ಪತ್ರೆಯ ಗದ್ದಲ.

"ಮಾಮ, ಎಂಬತ್ತೊಂದು. ಮೂರು ಇಳಿದಿದೆ."

 ಟ್ರಾಲಿ ಹೋದ ಸದ್ದು.

"ಡಾಕ್ಟ್ರಿಗೆ ಹೇಳ್ದಾ?"

"ಹೇಳ್ದೆ." ಅವರು ಹೇಳಿದ್ದನ್ನೆಲ್ಲ ಹೇಳಿದೆ. "ನೀವು ಇವತ್ತೇ ಬರ್ತೀರಾ ಮಾಮ? ಮಧ್ಯಾಹ್ನದ ಬಸ್ಸಿದೆ."

ಬರುತ್ತೇನೆ ಎನ್ನುತ್ತಾರೆಂದು ಕಾದೆ. ಬರಲಿ ಎಂದೇ ಆಸೆಪಟ್ಟೆ.

"ಇಲ್ಲ ಕಣವ್ವಾ. ಶನಿವಾರನೇ ಬರ್ತೀನಿ. ಆರು ಸಲ ಅಂದ್ರಲ್ಲ, ಹಂಗೇ ಕೊಡು" ಎಂದು ಇಟ್ಟರು.

ಹಕ್ಕಿ ಸಾಯುವ ಹಾಗಿದೆ ಎಂದು ಇದಕ್ಕಿಂತ ಹೇಗೆ ಹೇಳಬೇಕಿತ್ತೋ ಗೊತ್ತಿಲ್ಲ. ಅಂಗಡಿಗೆ ರಜೆ ಹಾಕಿದೆ.

ಸೆಪ್ಟೆಂಬರ್ ೧೧, ಗುರುವಾರ

ಎಂಬತ್ತೊಂದು. ಇಳಿದಿಲ್ಲ. ಆರು ಸಲ ಕುಡಿಯಿತು. ಒಂದು ಸಲ ನನ್ನ ಅಂಗಿಯ ಮೇಲೆ ಉಗುಳಿತು. ಆಪರೇಷನ್ ಸರಿಯಾಗಿ ಆಯಿತಂತೆ.

ಸೆಪ್ಟೆಂಬರ್ ೧೨, ಶುಕ್ರವಾರ

ಎಂಬತ್ತೆರಡು. ಮಧ್ಯಾಹ್ನ ತಾನೇ ಕೋಲಿನ ಮೇಲೆ ಹತ್ತಿ, ನವಣೆಯ ಬಟ್ಟಲಿಗೆ ತಲೆ ಹಾಕಿ ಎಂಟು ಹತ್ತು ಕಾಳು ಬಿಡಿಸಿತು. ಕೊಕ್ಕಿನ ಬುಡದ ಕಲೆ ಕೂದಲೆಳೆಯಷ್ಟು ಕೆಳಗೆ ಬಂದಿದೆ. ಅದು ಬೆಳೆದು ತುದಿಗೆ ಬಂದು ಸವೆದುಹೋಗಲು ತಿಂಗಳುಗಳೇ ಬೇಕು ಎಂದು ಡಾಕ್ಟರ್ ಹೇಳಿದ್ದಾರೆ. ಅಷ್ಟು ದಿನ ಬದುಕಿದ್ದರೆ ಎಂದೂ ಹೇಳಿದ್ದಾರೆ.

ಸಂಜೆ ನಮ್ಮ ಅಡಿಗೆಮನೆಯಲ್ಲಿ ಹಿಟ್ಟು ಕಲಸುತ್ತಿದ್ದಾಗ ಮಾಮನ ಫೋನ್ ಬಂತು, ನನ್ನ ಫೋನಿಗೆ. ಅಮ್ಮನ ಫೋನ್ ಆಫ್ ಆಗಿರಬೇಕು ಎಂದುಕೊಂಡು ನೋಡಿದೆ. ಹೊಲಿಗೆ ಮೆಷಿನ್ ಮೇಲೆ ಇತ್ತು, ಚಾರ್ಜ್ ತುಂಬಾ ಇತ್ತು. ಮಾಮ ಒತ್ತುವಾಗ ಹೆಸರು ತಪ್ಪಿರಬಹುದು.

"ಎಷ್ಟು?" ಎಂದರು.

"ಎಂಬತ್ತೆರಡು ಮಾಮ. ಅಮ್ಮ ನೋಡಿಲ್ಲ, ಬೆಳಿಗ್ಗೆ ತೂಗುವಾಗ ಅವಳು ಪೇಟೆಗೆ ಹೋಗಿದ್ದಳು. ಈಗ ಇನ್ನೊಂದ್ಸಲ ತೂಗಿ ಅವಳ ಹತ್ರ ಹೇಳಿಸ್ಲಾ?"

"ಬೇಡ. ಹಕ್ಕಿನ ಸುಮ್ನೆ ಎಷ್ಟು ಸಲ ಎತ್ತೋದು. ಎಂಬತ್ತೆರಡು, ಬರ್ಕೊಂಡೆ. ಹಿಟ್ಟು ಆರೋಗ್ತದೆ, ಹೋಗು."